ಕೊನೆಯ ಸಲ ಮುಟ್ಟಾಗಿದ್ದು ಯಾವಾಗ? ಲೆಕ್ಕ ಇಡುವುದು ಹೇಗೆ, ಡಾಕ್ಟರ ಹತ್ತಿರ ಯಾವಾಗ ಹೋಗಬೇಕು

ಹೊಟ್ಟೆನೋವಿಗೆ ಹೋಗಿ, ತಲೆಸುತ್ತಿಗೆ ಹೋಗಿ, ಡಾಕ್ಟರು ಹೆಂಗಸರನ್ನು ಕೇಳುವ ಮೊದಲ ನಾಲ್ಕೈದು ಪ್ರಶ್ನೆಗಳಲ್ಲಿ ಇದೊಂದು ಇದ್ದೇ ಇರುತ್ತದೆ: ಕೊನೆಯ ಸಲ ಮುಟ್ಟಾಗಿದ್ದು ಯಾವಾಗ? ಚೀಟಿಯಲ್ಲಿ ಎಲ್‌ಎಂಪಿ ಅಂತ ಬರೆದು, ಪಕ್ಕದಲ್ಲಿ ತಾರೀಕು ಹಾಕಲು ಪೆನ್ನು ಹಿಡಿದು ಕಾಯುತ್ತಾರೆ. ನಾನು ಎಷ್ಟೋ ವರ್ಷ ಆ ಹೊತ್ತಿಗೆ ಚಾವಣಿ ನೋಡುತ್ತಾ ಬೆರಳು ಮಡಚುತ್ತಿದ್ದೆ. ಹತ್ತನೇ ತಾರೀಕು... ಅಲ್ಲ ಅಲ್ಲ, ಅವತ್ತು ಬಸ್ಸಿನಲ್ಲಿದ್ದೆ, ಹಾಗಾದರೆ ಹದಿಮೂರು.

ಒಂದು ಸಲ ಸುಮ್ನೆ ಬಾಯಿಗೆ ಬಂದ ತಾರೀಕು ಹೇಳಿಬಿಟ್ಟೆ. ಸ್ಕ್ಯಾನಿಂಗ್ ಮಾಡಿದರು. ನಾನು ಹೇಳಿದ ತಾರೀಕಿನ ಪ್ರಕಾರ ಮುಟ್ಟು ಈಗಷ್ಟೇ ಮುಗಿದಿರಬೇಕು, ಗರ್ಭಕೋಶದ ಒಳಪದರ ತೆಳ್ಳಗಿರಬೇಕು. ಅಲ್ಲಿ ನೋಡಿದರೆ ದಪ್ಪಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿದರು, ಮುಂದಿನ ಮುಟ್ಟು ಮುಗಿದ ಮೇಲೆ ಇನ್ನೊಮ್ಮೆ ಬನ್ನಿ ಎಂದರು, ಆ ಮೂರು ವಾರ ನಾನು ನಿದ್ದೆ ಬಿಟ್ಟು ಏನೇನೋ ಯೋಚಿಸಿದೆ, ಕೊನೆಗೆ ಎರಡನೇ ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಾಗೇ ಇತ್ತು. ತಪ್ಪಾಗಿದ್ದದ್ದು ನಾನು ಹೇಳಿದ ತಾರೀಕು. ಅವತ್ತಿನಿಂದ ಬರೆದಿಡಲು ಶುರು ಮಾಡಿದೆ. ಬರೆದಿಟ್ಟ ಮೇಲೆ ಗೊತ್ತಾಯಿತು, ನನ್ನ ದೇಹದ ಬಗ್ಗೆ ನನಗಿದ್ದ ಅರ್ಧ ನಂಬಿಕೆ ಬರೀ ಅಂದಾಜು ಎಂದು.

ಮೊದಲು ಎಣಿಸುವುದನ್ನು ಕಲಿಯೋಣ

ರಕ್ತ ಸರಿಯಾಗಿ ಹರಿಯಲು ಶುರುವಾದ ದಿನವೇ ಮೊದಲನೇ ದಿನ. ಹಿಂದಿನ ದಿನ ಒಂದು ಕಂದು ಕಲೆ ಕಂಡಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳಿ, ಎಣಿಕೆಗೆ ಸೇರಿಸಬೇಡಿ. ಈ ಮೊದಲನೇ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಮಾರ್ಚ್ 3ಕ್ಕೆ ಮುಟ್ಟಾದಿರಿ, ಮತ್ತೆ ಮಾರ್ಚ್ 31ಕ್ಕೆ, ಆಮೇಲೆ ಏಪ್ರಿಲ್ 30ಕ್ಕೆ, ಆಮೇಲೆ ಮೇ 26ಕ್ಕೆ ಅಂದುಕೊಳ್ಳಿ. ನಿಮ್ಮ ಚಕ್ರಗಳು 28, 30, 26 ದಿನ. ಇಷ್ಟೇ ಲೆಕ್ಕ.

ಇಲ್ಲಿ ಎಲ್ಲರೂ ಎಡವುವ ಎರಡು ಜಾಗಗಳಿವೆ. ಒಂದು, ರಕ್ತ ನಿಂತ ದಿನದಿಂದ ಎಣಿಸುವುದು. ಐದು ದಿನ ರಕ್ತ ಹೋಗುವವರು ಹಾಗೆ ಎಣಿಸಿದರೆ 28 ದಿನದ ಚಕ್ರ 23 ದಿನದ್ದಾಗಿ ಕಾಣುತ್ತದೆ, "ನನಗೆ ಬೇಗ ಬೇಗ ಆಗುತ್ತಿದೆ" ಎಂಬ ಭಯ ಶುರುವಾಗುತ್ತದೆ. ಇನ್ನೊಂದು, "ಈ ತಿಂಗಳು ಎರಡು ಸಲ ಆಯ್ತು" ಎನ್ನುವ ಗಾಬರಿ. ಮೇಲಿನ ತಾರೀಕುಗಳನ್ನೇ ನೋಡಿ, ಮಾರ್ಚ್‌ನಲ್ಲಿ ಎರಡು ಸಲ ಆಗಿದೆ ಅಲ್ವಾ? ಆದರೂ ಏನೂ ತೊಂದರೆ ಇಲ್ಲ. ಕ್ಯಾಲೆಂಡರಿನ ತಿಂಗಳಿಗೂ ಗರ್ಭಕೋಶಕ್ಕೂ ಸಂಬಂಧವೇ ಇಲ್ಲ.

28 ದಿನ ಎನ್ನುವುದು ಸರಾಸರಿಯ ಹತ್ತಿರದ ಒಂದು ಅಂಕಿ, ಅಷ್ಟೇ. ದೊಡ್ಡವರಲ್ಲಿ 21ರಿಂದ 35 ದಿನಗಳ ನಡುವೆ ಎಲ್ಲಿದ್ದರೂ ಸರಿ. ಮೈನೆರೆದು ಇನ್ನೂ ಎರಡು ಮೂರು ವರ್ಷ ಆಗದ ಹುಡುಗಿಯರಲ್ಲಿ 45 ದಿನದವರೆಗೂ ಹೋಗಬಹುದು. ರಕ್ತ 2ರಿಂದ 7 ದಿನ ಹೋಗುವುದು ಸಹಜ. ಒಂದು ತಿಂಗಳು 27, ಇನ್ನೊಂದು ತಿಂಗಳು 32 ಆದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಲ 22, ಮುಂದಿನ ಸಲ 41, ಅದರ ಮುಂದೆ 29 ಎಂದು ಕುಣಿಯುತ್ತಿದ್ದರೆ ಮಾತ್ರ ಅದನ್ನು ಗಮನಿಸಬೇಕು.

ಒಳಗೆ ನಡೆಯುವುದೇನು

ಇದನ್ನು ಪಾಠದಲ್ಲಿ ಓದಿದ್ದೇವೆ, ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಅಂಕ ತೆಗೆದುಕೊಂಡಿದ್ದೇವೆ. ಆದರೆ ನಮ್ಮ ಮುಟ್ಟು ಯಾಕೆ ತಡವಾಯಿತು ಎಂದು ಹೇಳಲು ಆ ಪಾಠ ಯಾವತ್ತೂ ಉಪಯೋಗಕ್ಕೆ ಬರಲಿಲ್ಲ. ಒಂದೇ ಒಂದು ವಿಷಯವನ್ನು ಒತ್ತಿ ಹೇಳಿದ್ದರೆ ಸಾಕಿತ್ತು. ಅದನ್ನೇ ಹೇಳುತ್ತೇನೆ.

ಚಕ್ರಕ್ಕೆ ಎರಡು ಭಾಗ. ಮೊದಲ ಭಾಗದಲ್ಲಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕಳಿಸುತ್ತದೆ. ಅಂಡಾಶಯದಲ್ಲಿ ಅಂಡಗಳನ್ನು ಹೊತ್ತ ಕೆಲವು ಪುಟ್ಟ ಚೀಲಗಳು ಬೆಳೆಯಲು ಶುರುವಾಗುತ್ತವೆ, ಕೊನೆಗೆ ಸಾಮಾನ್ಯವಾಗಿ ಒಂದೇ ಒಂದು ಗೆಲ್ಲುತ್ತದೆ. ಅದು ಬೆಳೆಯುತ್ತಾ ಈಸ್ಟ್ರೋಜನ್ ಬಿಡುತ್ತದೆ, ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ. ಈಸ್ಟ್ರೋಜನ್ ಒಂದು ಮಟ್ಟ ಮುಟ್ಟಿದಾಗ ಪಿಟ್ಯುಟರಿ ಒಮ್ಮೆಲೇ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಸುರಿಯುತ್ತದೆ. ಅದಾಗಿ ಸುಮಾರು ಒಂದೂವರೆ ದಿನಕ್ಕೆ ಚೀಲ ಒಡೆದು ಅಂಡ ಹೊರಗೆ ಬರುತ್ತದೆ.

ಇಲ್ಲಿಂದ ಎರಡನೇ ಭಾಗ. ಒಡೆದ ಚೀಲ ಖಾಲಿಯಾಗಿ ಕೂರುವುದಿಲ್ಲ. ಅದೇ ಒಂದು ಸಣ್ಣ ಹಳದಿ ಗ್ರಂಥಿಯಾಗಿ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಈ ಹಾರ್ಮೋನು ಒಳಪದರವನ್ನು ಗಟ್ಟಿಯಾಗಿ ಹಿಡಿದುಕೊಂಡು ಗರ್ಭಕ್ಕಾಗಿ ಕಾಯುತ್ತದೆ. ಗರ್ಭ ನಿಲ್ಲದಿದ್ದರೆ ಆ ಗ್ರಂಥಿ ಬಾಡಿಹೋಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚುತ್ತದೆ. ಅದೇ ಮುಟ್ಟು.

ಒತ್ತಿ ಹೇಳಬೇಕಾದ ಮಾತು ಈಗ. ಆ ಹಳದಿ ಗ್ರಂಥಿಯ ಆಯಸ್ಸು ಹೆಚ್ಚುಕಡಿಮೆ ನಿಗದಿ, ಸುಮಾರು 12ರಿಂದ 14 ದಿನ, ಕೆಲವರಲ್ಲಿ ಒಂದೆರಡು ದಿನ ಆಚೀಚೆ. ಹಾಗಾಗಿ ಎರಡನೇ ಭಾಗ ಅಷ್ಟಾಗಿ ಹಿಗ್ಗುವುದಿಲ್ಲ, ಹಿಗ್ಗುವುದು ಕುಗ್ಗುವುದು ಎಲ್ಲ ಮೊದಲ ಭಾಗ. ಅಂಡ ಬಿಡುಗಡೆ 14ನೇ ದಿನ ಎಂದು ನಾವು ಬಾಯಿಪಾಠ ಮಾಡಿದ್ದು 28 ದಿನದ ಚಕ್ರಕ್ಕೆ ಮಾತ್ರ ಹೊಂದುತ್ತದೆ. ನಿಮ್ಮದು 35 ದಿನದ್ದಾದರೆ ಅದು 21ನೇ ದಿನದ ಹತ್ತಿರ ಆಗುತ್ತದೆ, 24 ದಿನದ್ದಾದರೆ 10ನೇ ದಿನದ ಹತ್ತಿರ. ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬೇಡಿ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿ. ಜಪಾನಿನ ಕ್ಯುಸಾಕು ಓಗಿನೋ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನೌಸ್ ಎಂಬ ಡಾಕ್ಟರುಗಳು 1920ರ ದಶಕದಲ್ಲೇ, ತಮ್ಮ ತಮ್ಮ ಊರಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಿ ಇದನ್ನು ಕಂಡುಕೊಂಡಿದ್ದರು. ನೂರು ವರ್ಷವಾದರೂ ನಾವಿನ್ನೂ 14ನೇ ದಿನಕ್ಕೇ ಅಂಟಿಕೊಂಡಿದ್ದೇವೆ.

ಇದು ತಿಳಿದರೆ ಎಷ್ಟೋ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಪರೀಕ್ಷೆಯ ಟೆನ್ಷನ್, ಜ್ವರ, ನಿದ್ದೆಗೆಟ್ಟ ವಾರ, ದಿಢೀರ್ ತೂಕ ಇಳಿಸಿದ್ದು, ಅತಿಯಾದ ವ್ಯಾಯಾಮ, ಇವೆಲ್ಲ ಅಂಡ ಬಿಡುಗಡೆಯನ್ನೇ ಮುಂದಕ್ಕೆ ತಳ್ಳುತ್ತವೆ. ಅದು ಹತ್ತು ದಿನ ತಡವಾದರೆ ಮುಟ್ಟೂ ಹತ್ತು ದಿನ ತಡ. ಮುಟ್ಟು ಬರಬೇಕಾದ ವಾರ ನೀವು ಆರಾಮಾಗಿಯೇ ಇದ್ದಿರಿ, ಆದರೂ ಬರಲಿಲ್ಲ. ಕಾರಣ ಆ ವಾರದಲ್ಲಿ ಇರುವುದಿಲ್ಲ, ಎರಡು ಮೂರು ವಾರ ಹಿಂದೆ ಇರುತ್ತದೆ.

ಫೋನಿನ ಆ್ಯಪ್‌ಗಳ ಬಗ್ಗೆಯೂ ಇದೇ ಮಾತು. ತಾರೀಕು ಬರೆದಿಡಲು ಅವು ಒಳ್ಳೆಯವು. ಆದರೆ ಅದರಲ್ಲಿ ಕಾಣುವ ಅಂಡ ಬಿಡುಗಡೆಯ ದಿನ ಹೆಚ್ಚಾಗಿ ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಮಾಡಿದ ಊಹೆ. ಅದನ್ನು ನಂಬಿ "ಇವತ್ತು ಸೇಫ್" ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಅಂಡ ಬದುಕುವುದು 12ರಿಂದ 24 ಗಂಟೆ, ಆದರೆ ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರಬಲ್ಲದು. ಅಂಡ ಬಿಡುಗಡೆಗೆ ಮೊದಲಿನ ಐದು ದಿನವೂ ಗರ್ಭ ನಿಲ್ಲುವ ದಿನಗಳೇ.

ದೇಹ ತಾನೇ ಕೊಡುವ ಸೂಚನೆಗಳಿವೆ. ಅಂಡ ಬಿಡುವ ಹೊತ್ತಿಗೆ ಬಿಳಿ ಸೆರಗು ಹಸಿ ಮೊಟ್ಟೆಯ ಬಿಳಿ ಭಾಗದ ಹಾಗೆ ತೆಳುವಾಗಿ, ಎಳೆದರೆ ದಾರದಂತೆ ಬರುತ್ತದೆ. ಇದನ್ನು ಸೋಂಕು ಅಂದುಕೊಂಡು ಕಂಡಕಂಡ ಮುಲಾಮು ಹಚ್ಚುವವರಿದ್ದಾರೆ, ಬೇಡ. ವಾಸನೆ, ತುರಿಕೆ, ಹಸಿರು ಬಣ್ಣ ಅಥವಾ ಮೊಸರು ಒಡೆದಂತೆ ಇದ್ದರೆ ಮಾತ್ರ ತೋರಿಸಿ. ಕೆಲವರಿಗೆ ಆ ದಿನ ಕೆಳಹೊಟ್ಟೆಯ ಒಂದು ಪಕ್ಕ ಚುಳ್ ಎನ್ನುತ್ತದೆ. ಅಂಡ ಬಿಟ್ಟ ಮೇಲೆ ಬೆಳಗ್ಗೆ ಏಳುವಾಗಿನ ಮೈ ಬಿಸಿ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ, ಮುಂದಿನ ಮುಟ್ಟಿನವರೆಗೂ ಅಲ್ಲೇ ಇರುತ್ತದೆ.

ಇನ್ನೊಂದು ಮಾತು, ಸುಮ್ನೆ ತಮಾಷೆಗೆ. ಒಂದೇ ರೂಮಿನಲ್ಲಿರುವ ಹುಡುಗಿಯರಿಗೆ ಒಟ್ಟಿಗೆ ಮುಟ್ಟಾಗುತ್ತದೆ ಎನ್ನುತ್ತಾರಲ್ಲ, ಅದು ಶುರುವಾಗಿದ್ದು 1971ರಲ್ಲಿ ಮಾರ್ಥಾ ಮೆಕ್‌ಕ್ಲಿಂಟಾಕ್ ಎಂಬ ಸಂಶೋಧಕಿ ಕಾಲೇಜು ಹಾಸ್ಟೆಲಿನ 135 ಹುಡುಗಿಯರನ್ನು ನೋಡಿ ಬರೆದ ಲೇಖನದಿಂದ. ಆಮೇಲೆ ಬೇರೆಯವರು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಒಬ್ಬಳದು 27 ದಿನ, ಇನ್ನೊಬ್ಬಳದು 30 ದಿನ ಆದರೆ ನಡುನಡುವೆ ತಾರೀಕುಗಳು ಕೂಡಿಬರಲೇಬೇಕು. ಕೂಡಿದ್ದು ನೆನಪಿರುತ್ತದೆ, ಬೇರೆಯಾದದ್ದು ಮರೆತುಹೋಗುತ್ತದೆ.

ಎಷ್ಟು ರಕ್ತ ಹೋದರೆ ಜಾಸ್ತಿ?

ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್, 80 ದಾಟಿದರೆ ಜಾಸ್ತಿ. ಸರಿ, ಆದರೆ ಯಾರು ಅಳೆದು ನೋಡುತ್ತಾರೆ? ಪ್ಯಾಡಿನ ಬದಲು ಮುಟ್ಟಿನ ಕಪ್ ಬಳಸುವವರಿಗೆ ಅದರ ಮೇಲಿನ ಗೆರೆ ನೋಡಿ ಗೊತ್ತಾಗುತ್ತದೆ. ಉಳಿದವರಿಗೆ ಈ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ನಮ್ಮ ಇನ್ನೊಂದು ತೊಂದರೆ ಏನೆಂದರೆ, ಮೊದಲಿನಿಂದ ಜಾಸ್ತಿ ಹೋಗುವವರಿಗೆ ಅದೇ ಮಾಮೂಲಿ ಅನಿಸಿರುತ್ತದೆ. ಅಮ್ಮನಿಗೂ ಹಾಗೇ, ಅಕ್ಕನಿಗೂ ಹಾಗೇ ಆಗಿದ್ದರೆ ಕೇಳುವುದೇ ಬೇಡ. ಮನೆಯವರಿಗೆಲ್ಲ ಹಾಗೇ ಆಗುತ್ತಿದೆ ಎನ್ನುವುದೇ ಡಾಕ್ಟರಿಗೆ ಹೇಳಬೇಕಾದ ವಿಷಯ, ಏಕೆಂದರೆ ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಪಟ್ಟ ಕೆಲವು ತೊಂದರೆಗಳು ವಂಶದಲ್ಲಿ ಬರುತ್ತವೆ.

ಮನೆಯಲ್ಲೇ ಲೆಕ್ಕ ಹಾಕಲು 1990ರಿಂದ ಡಾಕ್ಟರುಗಳು ಬಳಸುವ ಒಂದು ಸುಲಭ ಪಟ್ಟಿ ಇದೆ. ಪ್ಯಾಡಿನಲ್ಲಿ ಬರೀ ಕಲೆ ಇದ್ದರೆ 1 ಅಂಕ, ಅರ್ಧಂಬರ್ಧ ನೆನೆದಿದ್ದರೆ 5, ಪೂರ್ತಿ ತೊಯ್ದಿದ್ದರೆ 20. ಸಣ್ಣ ಹೆಪ್ಪು ಬಿದ್ದರೆ 1, ದೊಡ್ಡದಾದರೆ 5. ಮುಟ್ಟು ಮುಗಿದ ಮೇಲೆ ಒಟ್ಟು ಕೂಡಿಸಿ. ಒಂದು ಲೆಕ್ಕ ಮಾಡಿ ನೋಡೋಣ. ಮೊದಲನೇ ದಿನ ಎರಡು ಅರ್ಧ ನೆನೆದವು, ಒಂದು ಕಲೆಯದು: 11. ಎರಡನೇ ದಿನ ಪೂರ್ತಿ ತೊಯ್ದವು ನಾಲ್ಕು, ಅರ್ಧ ನೆನೆದವು ಎರಡು, ಒಂದು ದೊಡ್ಡ ಹೆಪ್ಪು: 95. ಮೂರನೇ ದಿನ ಅರ್ಧ ನೆನೆದವು ಮೂರು: 15. ನಾಲ್ಕನೇ ದಿನ ಕಲೆಯವು ಎರಡು, ಐದನೇ ದಿನ ಒಂದು: 3. ಒಟ್ಟು 124. ನೂರು ದಾಟಿದರೆ ಜಾಸ್ತಿ ಎಂದು ಅರ್ಥ. ಈಗಿನ ಪ್ಯಾಡುಗಳು ಹೀರಿಕೊಳ್ಳುವುದರಲ್ಲಿ ಒಂದೊಂದೂ ಒಂದೊಂದು ಥರ, ಹಾಗಾಗಿ ಇದು ತಕ್ಕಡಿಯ ತೂಕವಲ್ಲ. ಆದರೂ "ಸ್ವಲ್ಪ ಜಾಸ್ತಿ ಹೋಗುತ್ತೆ ಡಾಕ್ಟ್ರೇ" ಎನ್ನುವುದಕ್ಕಿಂತ 124 ಎಂದು ಚೀಟಿ ತೋರಿಸುವುದು ಎಷ್ಟೋ ಮೇಲು.

ಅಂಕ ಹಾಕುವ ವ್ಯವಧಾನ ಇಲ್ಲವೇ? ಇಷ್ಟು ನೋಡಿಕೊಳ್ಳಿ. ಪ್ಯಾಡನ್ನು ಗಂಟೆ ಎರಡು ಗಂಟೆಗೊಮ್ಮೆ ಬದಲಿಸಬೇಕಾಗುತ್ತದೆಯೇ? ರಾತ್ರಿ ಅದಕ್ಕಾಗಿಯೇ ಏಳಬೇಕೇ? ಒಂದರ ಜೊತೆ ಇನ್ನೊಂದು ಪ್ಯಾಡ್ ಇಟ್ಟುಕೊಳ್ಳುತ್ತೀರಾ? ಹೆಬ್ಬೆರಳಿನ ಅಗಲಕ್ಕಿಂತ ದೊಡ್ಡ, ಅಂದರೆ ಎರಡೂವರೆ ಸೆಂಟಿಮೀಟರ್ ದಾಟಿದ ಹೆಪ್ಪು ಬೀಳುತ್ತದೆಯೇ? ಏಳು ದಿನ ಮೀರಿ ಹೋಗುತ್ತದೆಯೇ? ಎರಡನೇ ದಿನ ಬಂತೆಂದರೆ ತಿಳಿ ಬಣ್ಣದ ಬಟ್ಟೆ ಹಾಕುವುದಿಲ್ಲ, ದೂರ ಹೋಗುವುದಿಲ್ಲ, ಕೂತಲ್ಲಿಂದ ಎದ್ದಾಗ ಹಿಂದೆ ತಿರುಗಿ ಕುರ್ಚಿ ನೋಡುತ್ತೀರಾ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಡಾಕ್ಟರನ್ನು ನೋಡಲು ಅಷ್ಟೇ ಸಾಕು.

ಇದರ ಜೊತೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಕೂದಲು ಉದುರುವುದು, ಮುಖ ಬಿಳಿಚಿಕೊಳ್ಳುವುದು ಇದ್ದರೆ ರಕ್ತಹೀನತೆ ಇರಬಹುದು. ಗರ್ಭಿಣಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಅದು ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುತ್ತದೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಈ ಉಗ್ರಾಣ ಖಾಲಿಯಾಗಿರುತ್ತದೆ. ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ "ರಕ್ತ ಯಾಕೆ ಜಾಸ್ತಿ ಹೋಗುತ್ತಿದೆ?" ಎಂದೂ ಕೇಳಿ. ಫೈಬ್ರಾಯ್ಡ್ ಗಡ್ಡೆ, ಒಳಪದರದಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟು, ಥೈರಾಯ್ಡ್, ಅಂಡ ಬಿಡುಗಡೆಯೇ ಆಗದೆ ಒಳಪದರ ಬೆಳೆಯುತ್ತಲೇ ಹೋಗುವುದು, ತಾಮ್ರದ ಕಾಪರ್ ಟಿ, ಹೀಗೆ ಕಾರಣ ಹಲವು. ತೂತು ಮುಚ್ಚದೆ ಕೊಡ ತುಂಬಿಸಿ ಏನು ಪ್ರಯೋಜನ?

ಬಣ್ಣದ ಬಗ್ಗೆ ಜನ ಬಹಳ ಕೇಳುತ್ತಾರೆ. ಕಂದು, ಕಪ್ಪು ಮಿಶ್ರಿತ ಕೆಂಪು ಎಂದರೆ ನಿಧಾನವಾಗಿ ಹೊರಬಂದ ಹಳೇ ರಕ್ತ. ಅಷ್ಟೇ.

ನೋವು

ಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ, ಹಿಂಡಿದಾಗ ನೋವು. ಅದೇ ರಾಸಾಯನಿಕ ಕರುಳನ್ನೂ ಕೆಣಕುತ್ತದೆ, ಮೊದಲ ದಿನ ಭೇದಿ, ವಾಂತಿ ಆಗುವುದು ಅದಕ್ಕೇ. ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಥರದ ಮಾತ್ರೆಗಳು ಈ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಈ ಕಾರಣಕ್ಕೆ ನೋವು ಏರಿ ನೆಲದ ಮೇಲೆ ಹೊರಳಾಡುವಾಗ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಆಗಲೇ ರಾಸಾಯನಿಕ ತಯಾರಾಗಿಬಿಟ್ಟಿರುತ್ತದೆ. ನೋವು ಶುರುವಾಗುತ್ತಿದ್ದ ಹಾಗೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ಗರ್ಭಿಣಿ ಇರಬಹುದು ಎಂಬ ಅನುಮಾನ ಇರುವವರು ಕೇಳದೆ ತೆಗೆದುಕೊಳ್ಳಬೇಡಿ. ಕೆಳಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ಬರೀ ಅಜ್ಜಿಯ ಸಮಾಧಾನವಲ್ಲ, ಅದರಿಂದಲೂ ನಿಜವಾಗಿ ನೋವು ಇಳಿಯುತ್ತದೆ.

ಮೊದಲ ಎರಡು ದಿನ ಹಿಂಡುವ ನೋವು, ಮಾತ್ರೆಗೆ ಬಗ್ಗಿ, ಕೆಲಸಕ್ಕೆ ಹೋಗಲು ಬಿಟ್ಟರೆ ಸರಿ. ನೋವಿಗೆ ಶಾಲೆ ಕಾಲೇಜು ಆಫೀಸು ತಪ್ಪುತ್ತಿದೆ, ಮಾತ್ರೆಗೂ ಬಗ್ಗುತ್ತಿಲ್ಲ, ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಮುಟ್ಟಿಲ್ಲದ ದಿನವೂ ಇದೆ, ಮುಟ್ಟಿನ ದಿನಗಳಲ್ಲಿ ಮಲಮೂತ್ರ ಮಾಡುವಾಗ ಕಿತ್ತುಬರುತ್ತದೆ, ಗಂಡ ಹೆಂಡತಿ ಸೇರುವಾಗ ಆಳದಲ್ಲಿ ನೋಯುತ್ತದೆ ಎಂದಾದರೆ ಅದನ್ನು "ಎಲ್ಲರಿಗೂ ಇರೋದೇ" ಎಂಬ ಮಾತಿನಡಿ ಮುಚ್ಚಿಡಬೇಡಿ. ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆದುಕೊಳ್ಳುವ ಕಾಯಿಲೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 10% ಜನರಿಗೆ ಇದೆ. ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಇದನ್ನು ನೆನಪಿಡಿ, ಯಾಕೆಂದರೆ "ಸ್ಕ್ಯಾನಿಂಗ್ ನಾರ್ಮಲ್, ನಿಮಗೇನೂ ಆಗಿಲ್ಲ" ಎಂಬ ಮಾತು ಕೇಳಿ ಎಷ್ಟು ಜನ ಮನೆಗೆ ಬಂದು ಮತ್ತೆ ಹಲ್ಲು ಕಚ್ಚಿ ಕೂರುತ್ತಾರೆ. ನನ್ನ ಗೆಳತಿಯೊಬ್ಬಳು ಹಾಗೆ ಎಂಟು ವರ್ಷ ಕೂತಳು. ನೋವು ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಎಂದು ನಾಲ್ಕು ತಿಂಗಳು ಬರೆದು ತೋರಿಸಿದಾಗಲೇ ಒಬ್ಬ ಡಾಕ್ಟರು ಬೇರೆ ದಾರಿಯಲ್ಲಿ ಯೋಚಿಸಿದ್ದು.

ಮನಸ್ಸಿನ ವಿಷಯವೂ ಇಲ್ಲೇ ಬರಲಿ. ಮುಟ್ಟಿನ ಮುಂಚಿನ ವಾರ ಸಿಡಿಮಿಡಿ, ಅಳು, ಎದೆ ಬಿಗಿತ, ಹೊಟ್ಟೆ ಉಬ್ಬರ ಬಹಳ ಜನಕ್ಕೆ ಇರುತ್ತದೆ. ಸ್ವಲ್ಪ ಜನರಿಗೆ ಅದು ಮಿತಿ ಮೀರುತ್ತದೆ: ಬದುಕೇ ಬೇಡ ಎನಿಸುವಷ್ಟು ಕುಗ್ಗುತ್ತಾರೆ, ಮುಟ್ಟು ಶುರುವಾಗಿ ಎರಡು ಮೂರು ದಿನಕ್ಕೆ ಮೋಡ ಸರಿದ ಹಾಗೆ ಸರಿಹೋಗುತ್ತದೆ. ಇದಕ್ಕೆ ಪಿಎಂಡಿಡಿ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ. ಕನಿಷ್ಠ ಎರಡು ಚಕ್ರ ದಿನಾ ಮನಸ್ಸಿನ ಸ್ಥಿತಿ ಬರೆದಿಟ್ಟರೆ ಡಾಕ್ಟರಿಗೆ ಗುರುತಿಸುವುದು ಸುಲಭ. ಸಾಯುವ ಯೋಚನೆ ಬರುತ್ತಿದ್ದರೆ ಬರೆಯುತ್ತಾ ಕೂರಬೇಡಿ, ಅವತ್ತೇ ಯಾರಿಗಾದರೂ ಹೇಳಿ ಡಾಕ್ಟರ ಹತ್ತಿರ ಹೋಗಿ.

ಕಾಯುವ ಹಾಗಿಲ್ಲದ ಹೊತ್ತು

ಎರಡು ಗಂಟೆ ಮೀರಿ, ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ಯುತ್ತಿದೆ. ತಲೆ ಸುತ್ತಿ ಕಣ್ಣು ಕತ್ತಲಾಗುತ್ತಿದೆ, ಎದೆ ಡವಡವ ಎನ್ನುತ್ತಿದೆ. ಇದಕ್ಕೆ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಆಸ್ಪತ್ರೆ.

ಮುಟ್ಟು ತಡವಾಗಿದೆ, ಅಥವಾ ಈ ಸಲ ಬರೀ ಕಲೆ ಕಲೆಯಾಗಿ ಬಂದಿದೆ, ಜೊತೆಗೆ ಕೆಳಹೊಟ್ಟೆಯ ಒಂದು ಪಕ್ಕ ಜೋರು ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು. ಗರ್ಭ ನಿಲ್ಲುವ ಸಾಧ್ಯತೆ ಎಳ್ಳಷ್ಟಿದ್ದರೂ ಇದನ್ನು ಗರ್ಭನಾಳದಲ್ಲಿ ನಿಂತ ಗರ್ಭ ಎಂದೇ ಅನುಮಾನಿಸಬೇಕು. ನಾಳ ಒಡೆದರೆ ಜೀವಕ್ಕೆ ಅಪಾಯ. ಈ ಕಲೆಯನ್ನು ಮುಟ್ಟು ಎಂದುಕೊಂಡು ಸುಮ್ಮನಾಗುವವರಿದ್ದಾರೆ. ಅದಕ್ಕೇ ಪ್ರತಿ ಸಲ ಎಷ್ಟು ಹೋಯಿತು ಎಂದು ಬರೆದಿಡಿ ಎನ್ನುವುದು.

ಕೆಳಹೊಟ್ಟೆ ನೋವಿನ ಜೊತೆ ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಅವತ್ತೇ ತೋರಿಸಿ. ಟ್ಯಾಂಪೂನ್ (ರಕ್ತ ಹೀರಲು ಯೋನಿಯ ಒಳಗೆ ಇಟ್ಟುಕೊಳ್ಳುವ ಹತ್ತಿಯ ಸುರುಳಿ) ಬಳಸುವಾಗ ದಿಢೀರ್ ಜೋರು ಜ್ವರ, ವಾಂತಿ, ಬಿಸಿಲಿಗೆ ಸುಟ್ಟಂಥ ಕೆಂಪು ದದ್ದು, ತಲೆಸುತ್ತು ಬಂದರೆ ಅದನ್ನು ತೆಗೆದುಹಾಕಿ ಆಸ್ಪತ್ರೆಗೆ ಓಡಿ. ಅಪರೂಪ, ಆದರೆ ಬಂದರೆ ಬಹಳ ವೇಗವಾಗಿ ಕೆಡುತ್ತದೆ. ಒಂದು ಟ್ಯಾಂಪೂನನ್ನು 8 ಗಂಟೆಗಿಂತ ಹೆಚ್ಚು ಇಡಬಾರದು.

ಇನ್ನು, ಪ್ರಾಣಾಪಾಯ ಇಲ್ಲದಿದ್ದರೂ ಮುಂದೂಡಬಾರದವು. ಎರಡು ಮುಟ್ಟಿನ ನಡುವೆ ಮತ್ತೆ ಮತ್ತೆ ರಕ್ತ, ಸಂಭೋಗದ ನಂತರ ರಕ್ತ. ಸರಿಯಾಗಿ ಬರುತ್ತಿದ್ದದ್ದು ಮೂರು ತಿಂಗಳು ಬರಲೇ ಇಲ್ಲ. ಮೊದಲಿಂದಲೂ ಏರುಪೇರು ಇದ್ದವರಿಗೆ ಆರು ತಿಂಗಳು. ಮೊದಲು ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಅದು ಇಲ್ಲ ಎಂದಾದರೆ ಥೈರಾಯ್ಡ್, ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆ ತಪ್ಪುವ ತೊಂದರೆ), ತೂಕ, ಟೆನ್ಷನ್ ಎಲ್ಲ ನೋಡಬೇಕಾಗುತ್ತದೆ. ಮುಖದ ಮೇಲೆ ಗಟ್ಟಿ ಕೂದಲು, ಬಿಡದ ಮೊಡವೆ ಇದ್ದರೆ ಪಿಸಿಓಎಸ್ ಕಡೆಗೆ ಬೆರಳು. ಹಾಲುಣಿಸದೆಯೂ ಮೊಲೆಯಿಂದ ಹಾಲಿನಂಥದ್ದು ಬಂದರೆ ಪ್ರೊಲ್ಯಾಕ್ಟಿನ್ ಎಂಬ ಹಾಲು ಬರಿಸುವ ಹಾರ್ಮೋನಿನ ಪರೀಕ್ಷೆ. "ಬರದಿದ್ದರೆ ಒಳ್ಳೆಯದೇ, ರಗಳೆ ಇಲ್ಲ" ಎನ್ನುವವರನ್ನು ನೋಡಿದ್ದೇನೆ. ಗರ್ಭನಿರೋಧಕ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ಐಯುಡಿ ಎಂಬ ಗರ್ಭನಿರೋಧಕ ಸಾಧನದಿಂದ ನಿಂತಿದ್ದರೆ ಹೌದು, ತೊಂದರೆ ಇಲ್ಲ. ಕಾರಣ ಗೊತ್ತಿಲ್ಲದೆ ನಿಂತಿದ್ದರೆ ಹಾಗಲ್ಲ. ಈಸ್ಟ್ರೋಜನ್ ಕಡಿಮೆಯಾಗಿದ್ದರೆ ಮೂಳೆ ಸವೆಯುತ್ತದೆ, ಪದರ ಕಳಚದೆ ವರ್ಷಗಟ್ಟಲೆ ಬೆಳೆಯುತ್ತಿದ್ದರೆ ಅದು ಕ್ಯಾನ್ಸರಿಗೆ ತಿರುಗುವ ಅಪಾಯ ಹೆಚ್ಚುತ್ತದೆ.

ಹುಡುಗಿಗೆ 13 ವರ್ಷವಾದರೂ ಎದೆ ಬೆಳವಣಿಗೆ ಶುರುವಾಗಿಲ್ಲ, ಅಥವಾ 15 ತುಂಬಿದರೂ ಮುಟ್ಟಾಗಿಲ್ಲ ಎಂದರೆ ತೋರಿಸಿ. ಹೊಸದಾಗಿ ಶುರುವಾದವಳಿಗೆ ತಾರೀಕು ಹಿಂದೆ ಮುಂದೆ ಆಗುವುದು ಸಹಜ, ಮಿದುಳು ಮತ್ತು ಅಂಡಾಶಯದ ಮಾತುಕತೆ ಹದಕ್ಕೆ ಬರಲು ವರ್ಷಗಳು ಬೇಕು. ಆದರೆ ಮೊದಲ ಮುಟ್ಟಿನಿಂದಲೇ ರಕ್ತ ವಿಪರೀತ ಹೋಗುತ್ತಿದ್ದರೆ, ಹಲ್ಲುಜ್ಜಿದರೆ ರಕ್ತ, ಸಣ್ಣ ಏಟಿಗೂ ಮೈ ನೀಲಿಗಟ್ಟುವುದು ಇದ್ದರೆ ಹೆಪ್ಪುಗಟ್ಟುವ ತೊಂದರೆಗೆ ಪರೀಕ್ಷೆ ಮಾಡಿಸಬೇಕು.

ನಲವತ್ತು ದಾಟಿದ ಮೇಲೆ ಚಕ್ರ ಮತ್ತೆ ಏರುಪೇರಾಗುತ್ತದೆ. ಸಾಮಾನ್ಯವಾಗಿ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ, 12 ತಿಂಗಳು ಪೂರ್ತಿ ಬರದಿದ್ದರೆ ನಿಂತಿತು ಎಂದು ಲೆಕ್ಕ. ನಲವತ್ತಕ್ಕೂ ಮೊದಲೇ ನಿಂತರೆ ಡಾಕ್ಟರನ್ನು ನೋಡಲೇಬೇಕು. ನಿಲ್ಲುವ ಕಾಲದ ರಕ್ತಸ್ರಾವವನ್ನೆಲ್ಲ "ನಿಲ್ಲೋಕೆ ಮುಂಚೆ ಹೀಗೇ" ಎಂದು ತಳ್ಳಿಹಾಕುವ ಅಭ್ಯಾಸ ಒಳ್ಳೆಯದಲ್ಲ. ಮತ್ತೆ ಒಂದು ಮಾತು ಕಡ್ಡಿ ಮುರಿದ ಹಾಗೆ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಒಂದೇ ಸಲ ಕಂಡರೂ, ನೋವಿಲ್ಲದಿದ್ದರೂ, ತೋರಿಸಬೇಕು. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ. ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ ಇರಬಹುದು, ಈ ಹಂತದಲ್ಲಿ ಸಿಕ್ಕರೆ ಬಹುಪಾಲು ಜನ ಗುಣವಾಗುತ್ತಾರೆ.

ಡಾಕ್ಟರ ಮುಂದೆ ಕೂತಾಗ

ಕಳೆದ ಮೂರು ತಿಂಗಳ ತಾರೀಕು, ಎಷ್ಟು ದಿನ ಹೋಯಿತು, ಜೋರಾಗಿದ್ದ ದಿನ ಎಷ್ಟು ಪ್ಯಾಡ್, ನೋವು ಯಾವ ದಿನ, ಯಾವ ಮಾತ್ರೆಗೆ ಬಗ್ಗಿತು ಅಥವಾ ಬಗ್ಗಲಿಲ್ಲ, ಈಗ ತೆಗೆದುಕೊಳ್ಳುತ್ತಿರುವ ಔಷಧಿ. ಒಂದು ಪುಟ ಸಾಕು. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ, ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ, ಇವೆರಡೂ ತಾರೀಕನ್ನು ಆಚೀಚೆ ಮಾಡುತ್ತವೆ. ಸಂಕೋಚಪಟ್ಟು ಬಿಟ್ಟರೆ ಡಾಕ್ಟರು ಇಲ್ಲದ ಕಾಯಿಲೆ ಹುಡುಕುತ್ತಾರೆ.

ಮಾತಾಡುವಾಗ ಮೆತ್ತಗೆ ಮಾಡಬೇಡಿ. "ಸ್ವಲ್ಪ ಹೊಟ್ಟೆನೋವು ಅಷ್ಟೇ" ಎಂದು ನಗುತ್ತಾ ಹೇಳಿದರೆ ಅವರೂ ನಗುತ್ತಾ ಮಾತ್ರೆ ಬರೆಯುತ್ತಾರೆ. "ಎರಡನೇ ದಿನ ಎರಡು ಗಂಟೆಗೊಂದು ಪ್ಯಾಡ್, ರಾತ್ರಿ ಎರಡು ಸಲ ಎದ್ದೆ, ಮೂರು ತಿಂಗಳಲ್ಲಿ ನಾಲ್ಕು ದಿನ ಕೆಲಸಕ್ಕೆ ಹೋಗಿಲ್ಲ" ಎಂದು ಹೇಳಿ ನೋಡಿ, ಪೆನ್ನು ನಿಲ್ಲುತ್ತದೆ.

ಒಳಗಿನ ಪರೀಕ್ಷೆ ಎಂದರೆ ಭಯ ಇದ್ದರೆ ಮೊದಲೇ ಹೇಳಿ. ಯಾಕೆ ಮಾಡುತ್ತಿದ್ದೀರಿ ಎಂದು ಕೇಳಬಹುದು, ಜೊತೆಗೆ ಒಬ್ಬ ಹೆಂಗಸು ಇರಲಿ ಎನ್ನಬಹುದು, ಬೇಡ ಎನ್ನಬಹುದು, ನಡುವೆ ನಿಲ್ಲಿಸಿ ಎನ್ನಲೂಬಹುದು. ಯಾರ ಜೊತೆಯೂ ಸೇರಿಲ್ಲದವರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ, ಅದಕ್ಕೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೋಗಬೇಕು.

ಅಪಾಯಿಂಟ್‌ಮೆಂಟ್ ಇರುವ ದಿನವೇ ಮುಟ್ಟಾಯಿತು ಎಂದು ಎಷ್ಟೋ ಜನ ಹೋಗುವುದನ್ನೇ ಬಿಡುತ್ತಾರೆ, ನಾನೂ ಬಿಟ್ಟಿದ್ದೇನೆ. ಗರ್ಭಕಂಠದ ಪ್ಯಾಪ್ ಸ್ಮಿಯರ್ ಪರೀಕ್ಷೆ ಇದ್ದರೆ ಮಾತ್ರ ಬೇರೆ ದಿನ ಕೊಡಬಹುದು. ಮಾತಾಡಲು, ರಕ್ತಪರೀಕ್ಷೆಗೆ, ಸಾಮಾನ್ಯವಾಗಿ ಸ್ಕ್ಯಾನಿಂಗ್‌ಗೂ ಮುಟ್ಟು ಅಡ್ಡ ಬರುವುದಿಲ್ಲ. ಒಂದು ಫೋನ್ ಮಾಡಿ ಕೇಳಿಕೊಂಡು, ಬ್ಯಾಗಿನಲ್ಲಿ ಎರಡು ಪ್ಯಾಡ್ ಜಾಸ್ತಿ ಇಟ್ಟುಕೊಂಡು ಹೊರಡಿ. ಕೊನೆಯ ಸಲ ಯಾವಾಗ ಎಂದು ಕೇಳಿದರೆ, ಇವತ್ತೇ ಎಂದು ಹೇಳಬಹುದು.